ಮೂರನೆಯ ಪ್ರಶ್ನೆ

ಜೂನ್ 6

ಪ್ರೀತಿಯ ತಂಗಿಗೆ,

ನಿಂತಿದ್ದರೆ ಕೂತುಕೊಂಡು ಓದು. ಕೆಟ್ಟ ಸುದ್ದಿಯೇನಲ್ಲ. ಈ ವರ್ಷ ಗುಬ್ಬಿ ನನ್ನ ತರಗತಿಗೆ ಬಂದಿದ್ದಾಳೆ.

ಮೂರನೇ ತರಗತಿಗೆ ಎರಡು ವಿಭಾಗ ಅಂತ ನಿನಗೆ ಗೊತ್ತಲ್ಲ. ಇನ್ನೊಂದು ವಿಭಾಗದ ಟೀಚರ್ ಹೆರಿಗೆ ರಜೆಗೆ ಹೋದರು. ಸಮಾಜ ಪಾಠದ ಮಟ್ಟಿಗೆ ಎರಡೂ ವಿಭಾಗಗಳನ್ನು ತಂದು ನನ್ನ ಕೊರಳಿಗೆ ಕಟ್ಟಿದರು. ಹಾಜರಿ ಕೂಗುತ್ತಾ ಹೋಗುವಾಗ ಅವಳ ಹೆಸರು ಬಂತು. ಒಂದು ಕ್ಷಣ ತಡೆದೇ ಕೂಗಿದೆ. ಮೂರನೇ ಬೆಂಚಿನಿಂದ "ಹಾಜರ್ ಮಿಸ್" ಅಂದಳು. ಇಷ್ಟು ವರ್ಷ ವರಾಂಡದಲ್ಲಿ ದೂರದಿಂದ ಕಂಡದ್ದನ್ನೇ ನಿನಗೆ ಬರೆಯುತ್ತಿದ್ದೆ. ಇನ್ನು ಮೇಲೆ ಹತ್ತಿರದಿಂದ ಬರೆಯಬಹುದು.

ಮೇಲಿನ ಹಲ್ಲು ಎರಡು ಬಿದ್ದಿವೆ. ಎಡಗೈಯಲ್ಲಿ ಬರೆಯುತ್ತಾಳೆ. ಪಕ್ಕದವರಿಗೆ ಮೊಣಕೈ ತಾಗುತ್ತದೆಂದು ಬೆಂಚಿನ ತುದಿಯನ್ನೇ ಹಿಡಿದು ಕೂರುತ್ತಾಳೆ. ನಾನು ಅವಳಿಗೆ ದೊಡ್ಡಮ್ಮ ಆಗಬೇಕೆಂಬುದು ಅವಳಿಗೆ ಗೊತ್ತು. ಆದರೂ ಕ್ಲಾಸಿನಲ್ಲಿ ಮಿಸ್ ಅನ್ನುವುದನ್ನು ಯಾರೂ ಹೇಳಿಕೊಡದೆ ಕಲಿತಿದ್ದಾಳೆ.

ಸಂಜೆ ಗೇಟಿನ ಹತ್ತಿರ ಅವಳ ಅಜ್ಜಿ, ಅಪ್ಪನ ತಾಯಿ, ನನ್ನನ್ನು ನಿಲ್ಲಿಸಿದರು. ಜಗಳಕ್ಕೆ ಬಂದಿರಲಿಲ್ಲ, ಬೇಡಿಕೊಳ್ಳಲು ಬಂದಿದ್ದರು. "ಅಮ್ಮನ ಮಾತು ಮಾತ್ರ ತೆಗೀಬೇಡಿ. ಮಗು ಈಗೀಗ ಸರಿಹೋಗಿದೆ" ಅಂದರು. ನಾನು ಆಗಲಿ ಅಂತ ತಲೆಯಾಡಿಸಿದೆ. ನನ್ನ ಮೇಲೆ ಸಿಟ್ಟಾಗಬೇಡ. ಇಲ್ಲ ಅಂದಿದ್ದರೆ ಅವಳನ್ನು ಬೇರೆ ಶಾಲೆಗೆ ಹಾಕುತ್ತಿದ್ದರು.

ಮಾತ್ರೆ ತಪ್ಪಿಸಬೇಡ.

ನಿನ್ನ ಅಕ್ಕ


ಜೂನ್ 14

ಅಕ್ಕನಿಗೆ,

ನಿನ್ನ ಪತ್ರವನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆಯ ಥಾನುಗಳ ನಡುವೆ ಕೂತು ಓದಿದೆ. ಯಜಮಾನಿ ಒಮ್ಮೆ ಇಣುಕಿ ನೋಡಿ, ಏನೂ ಕೇಳದೆ ಬಾಗಿಲು ಎಳೆದುಕೊಂಡು ಹೋದರು. ಬಾಯಿ ಜೋರಾದರೂ ಅವರಿಗೆ ಕಣ್ಣು ಸೂಕ್ಷ್ಮ.

ಇದು ಯೂನಿಫಾರಂ ಹೊಲಿಯುವ ಕಾಲ. ಮೂರು ಮಿಷನ್ನುಗಳೂ ಬಿಡುವಿಲ್ಲದೆ ಓಡುತ್ತಿವೆ. ಎಂಟು ವರ್ಷದ ಹುಡುಗಿಯ ಅಳತೆಯ ಲಂಗ ಕೈಗೆ ಬಂದರೆ, ಅಂಚು ಮಡಿಚುವ ನೆಪದಲ್ಲಿ ಸ್ವಲ್ಪ ಹೊತ್ತು ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆ. ಅವಳ ಸೊಂಟದ ಅಳತೆ ಈಗ ಎಷ್ಟಿರಬಹುದೆಂದು ನನಗೆ ಗೊತ್ತಿಲ್ಲ. ನಾನು ಬಿಟ್ಟು ಬಂದಾಗ ಅವಳಿಗೆ ನಾಲ್ಕು ವರ್ಷ. ಬಿಟ್ಟು ಬಂದೆ ಅನ್ನುವುದೂ ತಪ್ಪು. ಎರಡನೇ ಮಗು ಹುಟ್ಟುತ್ತಲೇ ಹೋಯಿತು, ನನ್ನ ಬುದ್ಧಿಯೂ ಅದರ ಹಿಂದೆಯೇ ಹೋಯಿತು. ನನ್ನನ್ನು ಕರೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ಇಟ್ಟರು. ಎರಡು ವರ್ಷದ ಮೇಲೆ ಅಲ್ಲಿಂದ ಹೊರಗೆ ಬಂದಾಗ ಮನೆಯೂ ಇರಲಿಲ್ಲ, ಮದುವೆಯೂ ಇರಲಿಲ್ಲ. ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಡಾಕ್ಟರು ಹೇಳುತ್ತಾರೆ, ಆದದ್ದನ್ನು ಆದ ಹಾಗೆ ಹೇಳಿಕೊಳ್ಳುತ್ತಾ ಇರಬೇಕಂತೆ.

ಒಂದು ಉಪಕಾರ ಮಾಡು. ಅವಳಿಗೆ ಕಲಿಸುವ ಪಾಠವನ್ನೆಲ್ಲ ನನಗೂ ಬರೆ. ಅವಳು ಏನು ಕಲಿಯುತ್ತಿದ್ದಾಳೋ ಅದನ್ನೇ ನಾನೂ ಕಲಿಯುತ್ತಿರುತ್ತೇನೆ.

ನಿನ್ನ ತಂಗಿ


ಜುಲೈ 3

ತಂಗಿ,

ಪಾಠ ಕೇಳಿದೆಯಲ್ಲ, ಬರೆಯುತ್ತೇನೆ.

ಮೊದಲು ದಿಕ್ಕುಗಳ ಪಾಠ. ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋಗಿ, ಸೂರ್ಯನ ಕಡೆ ಮುಖ ಮಾಡಿಸಿ, ಕೈ ಚಾಚಿಸಿ ನಿಲ್ಲಿಸಿದೆ. ಅರ್ಧ ಮಕ್ಕಳು ಪಕ್ಕದವರ ಮುಖಕ್ಕೆ ಕೈ ಬಡಿದರು, ಉತ್ತರ ದಕ್ಷಿಣದ ನಡುವೆ ಸಣ್ಣ ಯುದ್ಧವೇ ಆಯಿತು. ಗುಬ್ಬಿ ಅಲ್ಲೇ ಕಣ್ಣು ಮುಚ್ಚಿ ಎರಡು ಸುತ್ತು ತಿರುಗಿ, ತೆರೆದು, "ಈಗ ಯಾವ ದಿಕ್ಕು ಅಂತ ಕೇಳಿ ಮಿಸ್" ಅಂದಳು. ಕೇಳಿದೆ. ಸರಿಯಾಗಿ ಹೇಳಿದಳು.

ಆಮೇಲೆ ಬಂದದ್ದು ಕುಟುಂಬದ ಪಾಠ. ಪುಸ್ತಕದ ಚಿತ್ರದಲ್ಲಿ ಅಪ್ಪ ಪೇಪರ್ ಓದುತ್ತಿದ್ದಾನೆ, ಅಮ್ಮ ನಗುತ್ತಿದ್ದಾಳೆ, ಅಜ್ಜ ಅಜ್ಜಿ ಕುರ್ಚಿಯಲ್ಲಿದ್ದಾರೆ. ನಾನು ಆ ಪುಟ ಬಿಟ್ಟು, ಮನೆಯಲ್ಲಿ ಯಾರ್ಯಾರು ಏನೇನು ಕೆಲಸ ಮಾಡುತ್ತಾರೆ ಹೇಳಿ ಅಂದೆ. ಮನೆಯ ಯಜಮಾನ ಯಾರು ಅನ್ನುವ ಪ್ರಶ್ನೆಗೆ ಒಬ್ಬ ತುಂಟ, "ಟಿವಿ ರಿಮೋಟ್ ಯಾರ ಹತ್ರ ಇದೆಯೋ ಅವ್ರು" ಅಂದ. ಎಲ್ಲರೂ ನಕ್ಕರು, ಗುಬ್ಬಿಯೂ ನಕ್ಕಳು. ಅವಳ ಸರದಿ ಬಂದಾಗ ಎದ್ದು ನಿಂತು, ಅಪ್ಪ ನೀರಿನ ಮೀಟರ್ ರಿಪೇರಿ ಮಾಡುತ್ತಾರೆ, ಅಜ್ಜಿ ಅಡುಗೆ ಮಾಡುತ್ತಾರೆ, ನಾನು ಚಪ್ಪಲಿ ಜೋಡಿಸಿಡುತ್ತೇನೆ ಅಂದಳು. ಅಷ್ಟಕ್ಕೇ ಕೂತುಕೊಳ್ಳುತ್ತಿದ್ದಳು. ಹಿಂದಿನ ಬೆಂಚಿನವಳು ಸುಮ್ಮನಿರಲಿಲ್ಲ, ಅಮ್ಮ ಏನು ಮಾಡುತ್ತಾರೆ ಅಂತ ಕೇಳಿದಳು.

"ಅಮ್ಮ ಸತ್ತುಹೋಗಿದಾರೆ. ಆಸ್ಪತ್ರೆಗೆ ಹೋದ್ರು, ವಾಪಸ್ ಬರ್ಲಿಲ್ಲ."

ಪದ್ಯ ಒಪ್ಪಿಸಿದ ಹಾಗೆ ಹೇಳಿ ಕೂತಳು. ನಾನು ಬೋರ್ಡಿನ ಕಡೆ ತಿರುಗಿ, ಆಗಲೇ ಬರೆದಿದ್ದ ತಾರೀಖನ್ನು ಅಳಿಸಿ ಮತ್ತೆ ಬರೆದೆ.

ಇದನ್ನು ನಿನಗೆ ತಿಳಿಸಬೇಕೋ ಬೇಡವೋ ಎಂದು ವಾರವೆಲ್ಲ ಒದ್ದಾಡಿದೆ. ಅಮ್ಮ ದೂರ ಹೋಗಿದ್ದಾಳೆ ಅಂತ ಮಾತ್ರ ಮಗುವಿಗೆ ಹೇಳಿದ್ದಾರೆ ಅಂದುಕೊಂಡಿದ್ದೆವಲ್ಲ ನಾವು.

ಅಕ್ಕ


ಜುಲೈ 10

ಅಕ್ಕ,

ನಡೆದದ್ದನ್ನು ನಡೆದ ಹಾಗೆ ತಿಳಿದುಕೊಳ್ಳುವುದೇ ಇತಿಹಾಸ ಅಂತ ಮಕ್ಕಳಿಗೆ ಹೇಳಿಕೊಡುವವಳು ನೀನು. ಬದುಕಿರುವ ನಿನ್ನ ತಂಗಿಯನ್ನು ಒಂದು ಮಗು ನಿನ್ನೆದುರೇ ಸಾಯಿಸಿತು, ನೀನು ತಾರೀಖು ಬರೆದೆ.

ನಾಳೆ ವಕೀಲರನ್ನು ನೋಡಲು ಹೋಗುತ್ತಿದ್ದೇನೆ. ಇನ್ನು ಪಾಠ ಬರೆದು ಕಳಿಸುವುದು ಬೇಡ.

ತಂಗಿ


ಸೆಪ್ಟೆಂಬರ್ 20

ತಂಗಿಗೆ,

ನೀನು ಉತ್ತರಿಸದಿದ್ದರೂ ನಾನು ಬರೆಯಬೇಕು. ಮೊನ್ನೆ ಗುಬ್ಬಿಯ ಅಪ್ಪನನ್ನು ಕಂಡು ಬಂದೆ.

ನೀರು ಸರಬರಾಜು ಕಚೇರಿಯ ಹಿಂದೆ ಶೆಡ್ಡಿನಲ್ಲಿ ಅವರ ಕೆಲಸ. ಉದ್ದನೆಯ ಮೇಜಿನ ತುಂಬ ಬಿಚ್ಚಿಟ್ಟ ಮೀಟರುಗಳು, ಗಾಜಿನ ಮುಚ್ಚಳಗಳು, ಹಲ್ಲಿನ ಚಕ್ರಗಳು. ನನ್ನನ್ನು ಕಂಡು ಎದ್ದು, ಸ್ಟೂಲು ಒರೆಸಿ ಕೊಟ್ಟರು. ನಾನು ಮನಸ್ಸಿನಲ್ಲೇ ಎಷ್ಟೊಂದು ಮಾತು ಜೋಡಿಸಿಕೊಂಡು ಹೋಗಿದ್ದೆ. ಆ ಮನುಷ್ಯನ ಕೂದಲು ನೋಡಿದ ಮೇಲೆ ಅರ್ಧ ಮಾತು ಮರೆತೇ ಹೋಯಿತು. ಪೂರ್ತಿ ಬೆಳ್ಳಗಾಗಿದೆ.

ಸಾವಿನ ಮಾತು ಹೇಳಿದ್ದು ಅವರಲ್ಲವಂತೆ. ನೀನು ಹೋದ ಮೇಲೆ ಗುಬ್ಬಿ ದಿನವೂ ಬಾಗಿಲ ಬಳಿ ಕೂತು ಊಟ ಬಿಟ್ಟಳಂತೆ. ಇವರು ಕೆಲಸಕ್ಕೆ ಹೋಗಿದ್ದಾಗ ಅಜ್ಜಿ ದಿಕ್ಕು ತೋಚದೆ ಹಾಗೆ ಹೇಳಿದರಂತೆ. ಅವತ್ತು ಮಗು ಅತ್ತು ಅತ್ತು ಮಲಗಿತು, ಮಾರನೆಯ ದಿನ ಊಟ ಮಾಡಿತು. ಆಮೇಲೆ ಅದನ್ನು ಸುಳ್ಳೆಂದು ಹೇಳುವ ಧೈರ್ಯ ಇವರಿಗೆ ಬರಲಿಲ್ಲ. ನೀನು ಆಸ್ಪತ್ರೆಯಿಂದ ಬಂದಾಗಲೂ ಬರಲಿಲ್ಲ.

ಈಗಲಾದರೂ ಹೇಳಿ ಅಂದೆ. ಕೈಯಲ್ಲಿದ್ದ ಚಕ್ರವನ್ನು ತಿರುಗಿಸುತ್ತಾ ಹೇಳಿದರು.

"ಈಗ ಹೇಳಿದ್ರೆ, ನಾಲ್ಕು ವರ್ಷ ನಾವೆಲ್ಲ ಸೇರಿ ಸುಳ್ಳು ಹೇಳಿದ್ವಿ ಅಂತ ಆಗುತ್ತೆ ಅಕ್ಕ. ನಾನು, ಅಜ್ಜಿ, ನೀವು. ಆಮೇಲೆ ಅವಳಿಗೆ ನಂಬೋಕೆ ಅಂತ ಯಾರು ಉಳೀತಾರೆ?"

ನಾನು ಸ್ಟೂಲಿನಿಂದ ಎದ್ದು ಬಂದೆ.

ಇನ್ನೊಂದು ವಿಷಯ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯಲಿ. ಅವರು ಮತ್ತೆ ಮದುವೆಯಾಗುತ್ತಿದ್ದಾರೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು. ನಾನೂ ನೋಡಿದ್ದೇನೆ, ಒಳ್ಳೆಯವರ ಹಾಗೆಯೇ ಕಾಣುತ್ತಾರೆ. ಕೆಟ್ಟವರಾಗಿದ್ದರೆ ಬರೆಯುವುದು ಸುಲಭವಿತ್ತು.

ಅಕ್ಕ


ಅಕ್ಟೋಬರ್ 4

ಅಕ್ಕನಿಗೆ,

ವಕೀಲರು ಒಳ್ಳೆಯವರು. ಭೇಟಿಯ ಹಕ್ಕು ಕೇಳಬಹುದು, ಸಿಕ್ಕರೂ ಸಿಗಬಹುದು ಅಂದರು. ಆದರೆ ಅದಕ್ಕೆ ನನ್ನ ಆಸ್ಪತ್ರೆಯ ಕಾಗದಗಳನ್ನೆಲ್ಲ ಎಲ್ಲರ ಮುಂದೆ ಓದುತ್ತಾರಂತೆ. ಮಗುವನ್ನೂ ಕರೆಸಿ ಒಂದು ಕೋಣೆಯಲ್ಲಿ ಕೂರಿಸಿ ಕೇಳುತ್ತಾರಂತೆ. ಏನು ಕೇಳುತ್ತಾರೆ ಅಂದೆ. ತಾಯಿಯ ಹತ್ತಿರ ಹೋಗಲು ಇಷ್ಟವಿದೆಯೇ ಎಂದು ಕೇಳುತ್ತಾರೆ ಅಂದರು. ಅವಳಿಗೆ ತಾಯಿ ಇರುವುದೇ ಗೊತ್ತಿಲ್ಲ ಅಂದೆ. ಅವರು ಪೆನ್ನು ಕೆಳಗಿಟ್ಟರು.

ಅಪರಿಚಿತರು ತುಂಬಿದ ಕೋಣೆಯಲ್ಲಿ, ನಿನ್ನ ಅಮ್ಮ ಬದುಕಿದ್ದಾಳೆ, ಅಗೋ ಅಲ್ಲಿ ಕೂತಿದ್ದಾಳೆ ಎಂದು ತೋರಿಸಿದರೆ ಗುಬ್ಬಿ ಏನಾಗಬಹುದು? ನಾನು ಮುರಿದುಹೋದದ್ದು ಹೇಗೆಂದು ನನಗೆ ಗೊತ್ತು. ಅವಳು ನನ್ನ ಮಗಳು. ನಾನು ಅರ್ಜಿಗೆ ಸಹಿ ಹಾಕಲಿಲ್ಲ.

ಜುಲೈನಲ್ಲಿ ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಪಾಠ ಎಲ್ಲಿಯವರೆಗೆ ಬಂತು?

ತಂಗಿ


ನವೆಂಬರ್ 28

ತಂಗಿ,

ಈ ಲಕೋಟೆಯೊಳಗೆ ಇನ್ನೊಂದು ಕಾಗದವಿದೆ. ಮೊದಲು ನನ್ನದು ಓದು.

ಕಳೆದ ವಾರ 'ಹಿಂದೆ ಮತ್ತು ಈಗ' ಎಂಬ ಪಾಠ ಮಾಡಿದೆ. ನಾವು ಹುಟ್ಟುವುದಕ್ಕೆ ಮುಂಚೆ ನಡೆದದ್ದು ನಮಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದರೆ ಮಕ್ಕಳೆಲ್ಲ ಒಂದೇ ಉಸಿರಿಗೆ ಮೊಬೈಲ್ ಅಂದರು. ಮೊಬೈಲಿಗಿಂತ ಮುಂಚೆ ಕಣ್ಣಾರೆ ಕಂಡವರನ್ನು ಕೇಳಬೇಕು ಅಂದೆ. ಪ್ರತಿಯೊಬ್ಬರೂ ಬೇರೆ ಊರಿನ ಒಬ್ಬ ಹಿರಿಯ ನೆಂಟರಿಗೆ ನಿಜವಾದ ಪತ್ರ ಬರೆದು ಮೂರು ಪ್ರಶ್ನೆ ಕೇಳಬೇಕು. ಎರಡು ಪ್ರಶ್ನೆ ನಾನು ಕೊಡುತ್ತೇನೆ, ಮೂರನೆಯದು ಅವರದೇ. ಪ್ರತಿ ವರ್ಷವೂ ಮಾಡಿಸುವ ಕೆಲಸ ಇದು. ಇದರ ಹಿಂದೆ ಬೇರೆ ಉದ್ದೇಶವಿರಲಿಲ್ಲ, ನಂಬು.

ಗಂಟೆ ಹೊಡೆದ ಮೇಲೆ ಗುಬ್ಬಿ ಮೇಜಿನ ಹತ್ತಿರ ಬಂದು ನಿಂತಳು. ಬೇರೆ ಊರಿನಲ್ಲಿ ನನಗೆ ಯಾರೂ ಇಲ್ಲ ಮಿಸ್ ಅಂದಳು. ಉಳಿದವರೆಲ್ಲ ಅಂಗಳಕ್ಕೆ ಓಡಿದ್ದರು. ನನ್ನ ಬಾಯಿಂದ ಬಂದೇಬಿಟ್ಟಿತು.

"ಇದಾರೆ. ನನ್ನ ತಂಗಿ ಒಬ್ಬಳಿದಾಳೆ. ನಿನಗೆ ಚಿಕ್ಕಮ್ಮ ಆಗಬೇಕು."

ಅವಳ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಅಮ್ಮನಿಗೆ ತಂಗಿಯೂ ಇದ್ದರಾ ಅಂತ ಕೇಳಿದಳು. ನಾನು ಹೌದು ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಅವಳೇ ಹೌದು ಅಂತ ತಿಳಿದುಕೊಂಡಳು.

ಅವಳು ಬರೆಯುವ ಮೊದಲೇ ಅವಳ ಅಪ್ಪನಿಗೆ ತಿಳಿಸಿದೆ. ಅವರು ಮುಖ ಬೇರೆ ಕಡೆ ಮಾಡಿಕೊಂಡು, "ಚಿಕ್ಕಮ್ಮ ಅಂತ ಬರೆದ್ರೆ ಬರೀಲಿ. ಅದಕ್ಕಿಂತ ಮುಂದೆ ಬೇಡ" ಅಂದರು.

ಕಾಗದವನ್ನು ಅವಳು ನನಗೆ ತೋರಿಸಲಿಲ್ಲ. ಅಂಟಿಸಿಯೇ ಕೊಟ್ಟಳು. ನಾನೂ ಬಿಚ್ಚಿಲ್ಲ.

ಅಕ್ಕ


ನವೆಂಬರ್ 27

ಪ್ರೀತಿಯ ಚಿಕ್ಕಮ್ಮನಿಗೆ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮ ಕ್ಷೇಮ ಸಮಾಚಾರ ತಿಳಿಸಿರಿ. ನಾನು ಮೂರನೇ ಕ್ಲಾಸು. ನನಗೆ ಇಬ್ಬರು ಫ್ರೆಂಡ್ಸ್ ಇದ್ದಾರೆ, ಒಬ್ಬಳ ಜೊತೆ ಈಗ ಟೂ ಬಿಟ್ಟಿದ್ದೇನೆ. ನೀವು ಇದ್ದೀರಿ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಾಗಿ ಖುಷಿ ಆಯಿತು.

ಪ್ರಶ್ನೆ 1. ನೀವು ಚಿಕ್ಕವರಿದ್ದಾಗ ನಿಮ್ಮ ಶಾಲೆ ಹೇಗಿತ್ತು?

ಪ್ರಶ್ನೆ 2. ನೀವು ಯಾವ ಆಟ ಆಡುತ್ತಿದ್ದಿರಿ?

ಪ್ರಶ್ನೆ 3. ಇದು ನನ್ನ ಪ್ರಶ್ನೆ. ಕಣ್ಣಾರೆ ಕಂಡವರನ್ನು ಕೇಳಬೇಕು ಅಂತ ಮಿಸ್ ಹೇಳಿದ್ದಾರೆ. ನೀವು ನಮ್ಮ ಅಮ್ಮನನ್ನು ನೋಡಿದ್ದೀರಲ್ಲ. ಅಮ್ಮ ಹೇಗಿದ್ದರು? ನನಗೆ ಸ್ವಲ್ಪ ಸ್ವಲ್ಪ ನೆನಪಿದೆ, ಆದರೆ ಮುಖ ಬರುವುದಿಲ್ಲ. ಅಪ್ಪನನ್ನು ಕೇಳಿದರೆ ಹೊರಗೆ ಹೋಗುತ್ತಾರೆ. ಅಮ್ಮನಿಗೆ ನನ್ನನ್ನು ನೋಡಿಕೊಳ್ಳಲು ಆಗಲಿಲ್ಲ ಅಂತ ಅಜ್ಜಿ ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದರು. ನಾನು ತುಂಬಾ ಹಠ ಮಾಡುತ್ತಿದ್ದೆನಾ? ಅದಕ್ಕೇ ಅಮ್ಮನಿಗೆ ಹುಷಾರು ತಪ್ಪಿತಾ?

ಇನ್ನೊಂದು ಇದೆ. ಮೂರೇ ಕೇಳಬೇಕು, ಅದಕ್ಕೆ ಇದನ್ನೂ ಮೂರರಲ್ಲೇ ಸೇರಿಸುತ್ತೇನೆ. ಜನವರಿಯಲ್ಲಿ ನಮ್ಮ ಮನೆಗೆ ಹೊಸಬರು ಬರುತ್ತಾರೆ. ಅವರನ್ನು ಅಮ್ಮ ಅಂತ ಕರೆಯಬೇಕಂತೆ. ಅವರು ಒಳ್ಳೆಯವರು, ನನಗೆ ಕೂದಲ ಕ್ಲಿಪ್ ಕೊಟ್ಟರು. ಆದರೆ ನಾನು ಹಾಗೆ ಕರೆದರೆ ಅಮ್ಮನಿಗೆ ಬೇಜಾರಾಗುತ್ತದಾ?

ಬೇಗ ಉತ್ತರ ಬರೆಯಿರಿ. ಎಲ್ಲರ ಉತ್ತರವನ್ನೂ ಗೋಡೆಗೆ ಅಂಟಿಸುತ್ತಾರೆ. ಮೂರನೇ ಉತ್ತರ ಬೇರೆ ಹಾಳೆಯಲ್ಲಿ ಬರೆಯಿರಿ, ಅದನ್ನು ನಾನು ಅಂಟಿಸುವುದಿಲ್ಲ.

ಇಂತಿ ನಿಮ್ಮ ಪ್ರೀತಿಯ
ಗುಬ್ಬಿ


ಡಿಸೆಂಬರ್ 5

ಅಕ್ಕ,

ಬಂತು. ಓದಿದೆ.

ಏನು ಕೇಳಿದ್ದಾಳೆಂದು ನಿನಗೂ ಹೇಳಲಾರೆ. ನಾಲ್ಕು ದಿನದಿಂದ ಹೊಲಿಗೆ ವಕ್ರವಾಗುತ್ತಿದೆ. ಯಜಮಾನಿ ಸುಮ್ಮನೆ ಬಿಚ್ಚಿ, ಮತ್ತೆ ಹೊಲಿದು ಇಡುತ್ತಿದ್ದಾರೆ.

ಉತ್ತರ ಬರೆಯಲು ಕೂರುತ್ತೇನೆ. ಮೊದಲಿನದೆಲ್ಲ ಹೇಗೋ ಆಗುತ್ತದೆ. ಕೊನೆಯಲ್ಲಿ ಹೆಸರಿನ ಜಾಗಕ್ಕೆ ಬಂದಾಗ ಕೈ ನಿಲ್ಲುತ್ತದೆ. ನಾಲ್ಕು ಹಾಳೆ ಹರಿದೆ. ನನ್ನಿಂದಾಗುವುದಿಲ್ಲ, ಚಿಕ್ಕಮ್ಮನಿಗೆ ಬಿಡುವಿಲ್ಲವಂತೆ ಅಂತ ಏನಾದರೂ ಹೇಳಿಬಿಡು.

ತಂಗಿ


ಡಿಸೆಂಬರ್ 14

ತಂಗಿ,

ಹೇಳಲಾರೆ. ಇನ್ನೊಂದು ಸುಳ್ಳು ನನ್ನ ಬಾಯಿಂದ ಬರುವುದಿಲ್ಲ.

ಗೋಡೆ ತುಂಬುತ್ತಾ ಬಂದಿದೆ. ಯಾರದೋ ಅಜ್ಜ ಆರು ಪುಟ ಬರೆದಿದ್ದಾರೆ, ಅದರಲ್ಲಿ ನಾಲ್ಕು ಪುಟ ತಮ್ಮ ಸೈಕಲ್ಲಿನ ಬಗ್ಗೆ. ಗುಬ್ಬಿ ದಿನವೂ ಎಲ್ಲರಿಗಿಂತ ಮುಂಚೆ ಬಂದು ನನ್ನ ಮೇಜಿನ ಮೇಲೆ ಕಣ್ಣಾಡಿಸಿ, ಹೋಗಿ ಕೂರುತ್ತಾಳೆ. ನಿನ್ನೆ ಬಂದು ಕೇಳಿದಳು, "ಚಿಕ್ಕಮ್ಮನಿಗೆ ಹುಷಾರಿಲ್ವಾ ಮಿಸ್?" ಹುಷಾರಾಗಿದ್ದಾಳೆ ಅಂದೆ. "ಹಾಗಾದ್ರೆ ನಾನು ಏನಾದ್ರೂ ತಪ್ಪು ಕೇಳಿದ್ನಾ?" ಅಂದಳು.

ಬಹಳ ಯೋಚಿಸಿ ಇದನ್ನು ಬರೆಯುತ್ತಿದ್ದೇನೆ. ಅವಳ ಅಪ್ಪ ಏನೇ ಹೇಳಿರಲಿ, ಅಜ್ಜಿ ಏನೇ ಬೇಡಿಕೊಂಡಿರಲಿ, ನನ್ನ ಕೆಲಸವೇ ಹೋಗಲಿ. ನಿನಗೆ ಹೇಗೆ ಬರೆಯಬೇಕು ಅನ್ನಿಸುತ್ತದೋ ಹಾಗೆ ಬರೆ. ಚಿಕ್ಕಮ್ಮ ಅಂತ ಸಹಿ ಮಾಡುತ್ತೀಯೋ, ಅಮ್ಮ ಅಂತ ಮಾಡುತ್ತೀಯೋ, ಅದು ನಿನಗೆ ಬಿಟ್ಟದ್ದು. ನಾನು ಬಿಚ್ಚಿ ನೋಡದೆ ಅವಳ ಕೈಗೆ ಕೊಡುತ್ತೇನೆ. ಆಮೇಲೆ ಬರುವುದನ್ನು ಅವಳ ಪಕ್ಕದಲ್ಲೇ ನಿಂತು ಎದುರಿಸುತ್ತೇನೆ.

ಆದರೆ ಬರೆ.

ನಿನ್ನ ಅಕ್ಕ


ಡಿಸೆಂಬರ್ 19

ಪ್ರೀತಿಯ ಗುಬ್ಬಿಗೆ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ತಡ ಮಾಡಿದ್ದು ನಾನು, ನೀನು ತಪ್ಪೇನೂ ಕೇಳಿಲ್ಲ. ಗೋಡೆಗೆ ಅಂಟಿಸುವ ಉತ್ತರಗಳನ್ನು ಮೊದಲನೆಯ ಹಾಳೆಯಲ್ಲಿ ಬರೆದಿದ್ದೇನೆ. ನಮ್ಮ ಶಾಲೆಯ ಹೆಂಚಿನ ಸಂದಿಯಲ್ಲಿ ಅಳಿಲು ಇತ್ತು, ನಾನು ಕುಂಟಾಟದಲ್ಲಿ ನಿಮ್ಮ ಮಿಸ್ಸನ್ನು ಸೋಲಿಸುತ್ತಿದ್ದೆ, ಇವೆಲ್ಲ ಅದರಲ್ಲಿವೆ. ಸೋಲಿಸಿದ್ದು ನಿಜವೇ ಎಂದು ಅವರನ್ನೇ ಕೇಳು. ಒಪ್ಪುವುದಿಲ್ಲ.

ಈ ಹಾಳೆ ಮೂರನೆಯ ಪ್ರಶ್ನೆಗೆ.

ನಿನ್ನ ಅಮ್ಮನನ್ನು ನಾನು ಹುಟ್ಟಿದಾಗಿನಿಂದ ಬಲ್ಲೆ. ನನ್ನಷ್ಟೇ ಎತ್ತರ. ಗಲ್ಲದ ಮೇಲೆ ಸಣ್ಣ ಮಚ್ಚೆ. ಅಡುಗೆಗೆ ಉಪ್ಪು ಹಾಕಲು ಮರೆಯುತ್ತಿದ್ದಳು. ಜೋರಾಗಿ ನಕ್ಕರೆ ಕಣ್ಣಲ್ಲಿ ನೀರು ಬರುತ್ತಿತ್ತು. ನಿನಗೆ ಸ್ನಾನ ಮಾಡಿಸುವಾಗ ಚೊಂಬು ಚೊಂಬಿಗೂ ಲೆಕ್ಕ ಹೇಳುತ್ತಿದ್ದಳು. ಹನ್ನೊಂದಾದ ಮೇಲೆ ಬೇಕೆಂದೇ ಹದಿಮೂರು ಅನ್ನುತ್ತಿದ್ದಳು. ನೀನು ಸೋಪಿನ ಮುಖದಲ್ಲೇ "ಹನ್ನೆಡು, ಹನ್ನೆಡು" ಎಂದು ಬೈಯುತ್ತಿದ್ದೆ. ಅದನ್ನು ಕೇಳುವುದಕ್ಕಾಗಿಯೇ ದಿನಾ ತಪ್ಪು ಮಾಡುತ್ತಿದ್ದಳು.

ನೀನು ಹಠ ಮಾಡುತ್ತಿದ್ದೆ, ಎಲ್ಲ ಮಕ್ಕಳೂ ಮಾಡುವಷ್ಟೇ. ಅದರಿಂದ ಯಾರಿಗೂ ಕಾಯಿಲೆ ಬರುವುದಿಲ್ಲ. ನಿನಗೊಬ್ಬ ತಮ್ಮ ಹುಟ್ಟಿದ್ದ, ಉಳಿಯಲಿಲ್ಲ. ಆ ದುಃಖಕ್ಕೆ ಅಮ್ಮನ ಮನಸ್ಸಿಗೆ ಕಾಯಿಲೆಯಾಯಿತು. ಜ್ವರ ಬಂದವರು ಕೊಡ ಎತ್ತಲಾರರಲ್ಲ, ಹಾಗೆ ಅವಳಿಗೆ ಯಾವ ಕೆಲಸವೂ ಆಗುತ್ತಿರಲಿಲ್ಲ. ಆಸ್ಪತ್ರೆಗೆ ಹೊರಟ ದಿನ ನೀನು ಮಲಗಿದ್ದೆ. ಎಬ್ಬಿಸಬೇಡಿ, ಎದ್ದರೆ ಅಳುತ್ತಾಳೆ ಅಂದವಳು ಅವಳೇ. ನಿನ್ನನ್ನು ಬೇಡವೆಂದು ಅವಳು ಹೋಗಲಿಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದ ನೀನು ನಂಬಬಹುದು.

ಇನ್ನು ನೀನು ಮೂರರಲ್ಲೇ ಸೇರಿಸಿ ಕೇಳಿದ್ದು.

ಇದಕ್ಕೆ ಉತ್ತರ ಬರೆಯುವುದಕ್ಕೇ ಇಷ್ಟು ದಿನ ಹಿಡಿಯಿತು. ಅಮ್ಮನಿಗೆ ಬೇಜಾರಾಗುವುದಿಲ್ಲ ಮಗಳೇ. ಬೆಳಗ್ಗೆ ತಲೆ ಬಾಚಿ, ಜ್ವರ ಬಂದರೆ ಪಕ್ಕದಲ್ಲಿ ಕೂತು, ಶಾಲೆಯಿಂದ ಬರುವುದು ತಡವಾದರೆ ಗೇಟಿಗೆ ಬಂದು ನೋಡುವವರು ಸಿಕ್ಕರೆ, ಅವರನ್ನು ಆ ಹೆಸರಿನಿಂದ ಕರೆಯಬಹುದು. ಮೊದಲ ಸಲ ನಾಲಿಗೆ ತಡವರಿಸಬಹುದು. ಪರವಾಗಿಲ್ಲ, ಸಣ್ಣಗೆ ಕರೆ. ಆಮೇಲೆ ರೂಢಿಯಾಗುತ್ತದೆ. ಅದರಿಂದ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ.

ನನಗೂ ಆಗಾಗ ಬರೆಯುತ್ತಿರು. ಪಾಠಕ್ಕೆ ಅಂತಲೇ ಬರೆಯಬೇಕಾಗಿಲ್ಲ. ಟೂ ಬಿಟ್ಟ ಫ್ರೆಂಡಿನ ಜೊತೆ ರಾಜಿ ಆಯಿತೇ ಎಂದು ತಿಳಿಸು.

ಚೆನ್ನಾಗಿ ಊಟ ಮಾಡು. ಚೆನ್ನಾಗಿ ಓದು.

ಇಂತಿ ನಿನ್ನ
ಚಿಕ್ಕಮ್ಮ